ಹನುಮವ್ವನ ರೊಟ್ಟಿ, ಅಕ್ಕನ ಗೋಡೆ

ನಮ್ಮ ಮನೆಯ ಬಚ್ಚಲ ಬಾಗಿಲು ಮಳೆಗಾಲದಲ್ಲಿ ಮುಚ್ಚುವುದಿಲ್ಲ. ಸಿಂಧನೂರಿನಲ್ಲಿ ಇದನ್ನು ಯಾರಾದರೂ ದೊಡ್ಡ ಸುದ್ದಿಯೆಂಬಂತೆ ಹೇಳಿದರೆ ಕೇಳಿದವರು ನಗುತ್ತಾರೆ, ಯಾಕೆಂದರೆ ಅವರ ಮನೆಯದೂ ಮುಚ್ಚುವುದಿಲ್ಲ. ನಮ್ಮದು ಎರೆ ಭೂಮಿ, ಕರಿ ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಬಿಸಿಲು ಬಿದ್ದರೆ ಬಾಯಿ ಬಿಡುತ್ತದೆ. ಅದರ ಮೇಲೆ ಕೂತ ಮನೆಯೂ ಜೊತೆಗೆ ಏರುತ್ತದೆ, ಇಳಿಯುತ್ತದೆ. ಕಾಲುವೆಗೆ ನೀರು ಬಂತೋ ಇಲ್ಲವೋ ಎಂದು ತಿಳಿಯಲು ಬೇರೆಯವರು ಪೇಪರ್ ನೋಡುತ್ತಾರೆ, ನಾವು ಬಾಗಿಲು ತಳ್ಳಿ ನೋಡುತ್ತೇವೆ. ಮಳೆಗಾಲ ಹಿಡಿಯಿತೆಂದರೆ ನಮ್ಮ ಮನೆಯಲ್ಲಿ ಜಳಕಕ್ಕೆ ಹೋದವರು ಒಂದು ಕಾಲಿನಿಂದ ಬಾಗಿಲನ್ನು ಒತ್ತಿ ಹಿಡಿದು ಇನ್ನೊಂದು ಕಾಲಿನ ಮೇಲೆ ನಿಂತು ಮೈ ತೊಳೆಯಬೇಕು. ನಡುನಡುವೆ ಕೆಮ್ಮಬೇಕು. ಕೆಮ್ಮು ಕೇಳದಿದ್ದರೆ ಒಳಗೆ ಯಾರೂ ಇಲ್ಲ ಎಂದು ಅರ್ಥ. ಒಮ್ಮೆ ನನಗೆ ಹೆಣ್ಣು ಕೊಡಲು ಬಂದವರು ಒಂದು ರಾತ್ರಿ ನಮ್ಮಲ್ಲೇ ಉಳಿದರು. ಬೆಳಿಗ್ಗೆ ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಕೆಮ್ಮುವುದನ್ನು ಕೇಳಿ, ಚಹಾ ಕೂಡ ಕುಡಿಯದೆ ಬಸ್ಸು ಹತ್ತಿದರು.

ಇದರಲ್ಲಿ ನಾಚಿಕೆಯ ಸಂಗತಿ ಏನೆಂದರೆ, ಊರವರ ಬಾಗಿಲು ಮುಚ್ಚುವಂತೆ ಮಾಡುವುದೇ ನನ್ನ ಕೆಲಸ. ನನ್ನ ಟ್ರ್ಯಾಕ್ಟರಿನ ಹಿಂದೆ ಆಳೆತ್ತರದ ಕಬ್ಬಿಣದ ತಿರುಪು ಇದೆ. ಅದು ತಿರುಗುತ್ತ ನೆಲಕ್ಕೆ ಇಳಿಯುತ್ತದೆ, ಮಣ್ಣನ್ನು ಮೇಲೆ ಉಗುಳುತ್ತದೆ. ಎರೆ ದಾಟಿ ಕೆಳಗೆ ಕಲ್ಲು ಬೆರೆತ ಗಟ್ಟಿ ಗರಸು ಸಿಗುವವರೆಗೆ ತೋಡುತ್ತೇನೆ. ತಳದಲ್ಲಿ ಗಡಿಗೆಯ ಹೊಟ್ಟೆಯಂತೆ ಅಗಲ ಮಾಡುತ್ತೇನೆ. ಕಬ್ಬಿಣ ಇಳಿಸಿ ಕಾಂಕ್ರೀಟ್ ಸುರಿದರೆ ಪೈಲ್ ಆಯಿತು. ಮೇಲಿನ ಮಣ್ಣು ಏನು ಕುಣಿದರೂ ಮನೆ ಆ ಕಂಬಗಳ ಮೇಲೆ ಅಲುಗಾಡದೆ ನಿಲ್ಲುತ್ತದೆ. ತಳದಲ್ಲಿ ಹೊಟ್ಟೆ ಇರುವುದರಿಂದ ಉಬ್ಬಿದ ಮಣ್ಣು ಕಂಬವನ್ನು ಕಿತ್ತೆತ್ತಲಾರದು. ನನ್ನ ವಿದ್ಯೆ ಇಷ್ಟೇ. ಇದನ್ನೂ ನಾನು ಯಾರಿಗೂ ಇಷ್ಟು ಬಿಡಿಸಿ ಹೇಳುವುದಿಲ್ಲ. ಮನೆ ಕಟ್ಟುವವರು "ಯಾಕಪಾ ಇಷ್ಟು ಆಳ?" ಎಂದು ಕೇಳಿದರೆ "ಬೇಕು" ಎನ್ನುತ್ತೇನೆ. "ಬ್ಯಾಡಾದ್ರ?" ಎಂದರೆ "ಬಿಡ್ರಿ" ಎನ್ನುತ್ತೇನೆ. ಶಾಲೆಯಲ್ಲಿ ಹೆಚ್ಚು ದಿನ ಕೂರಲಿಲ್ಲ. ಅಲ್ಲಿಯೂ ಮಾಸ್ತರರು ಒಂದೇ ಮಾತನ್ನು ಸುತ್ತಿ ಸುತ್ತಿ ಹೇಳುತ್ತಿದ್ದರು, ನನಗೆ ತಡೆಯಲಾಗಲಿಲ್ಲ.

ಎರೆ ನೆಲ ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ, ಅದು ನನಗೆ ಗೊತ್ತು. ಗುಡ್ಡ ಪಕ್ಕದಿಂದ ತಳ್ಳುತ್ತದೆ, ಅದು ಅಷ್ಟು ಗೊತ್ತಿರಲಿಲ್ಲ. ನನ್ನ ಅಕ್ಕ ಶರಣಮ್ಮ ಎಲ್ಲ ದಿಕ್ಕಿನಿಂದಲೂ ತಳ್ಳುತ್ತಾಳೆ, ಅದು ಹುಟ್ಟಿದಾಗಿನಿಂದ ಗೊತ್ತು. ಅವಳನ್ನು ಕೊಟ್ಟಿದ್ದು ಮಸ್ಕಿಗೆ. ಅಲ್ಲಿ ಗುಡ್ಡದ ಬುಡದ ಓಣಿಯಲ್ಲಿ ಮನೆಗಳು ಮೆಟ್ಟಿಲಿನಂತೆ ಒಂದರ ಮೇಲೊಂದು ಕೂತಿವೆ. ಕೆಳಗಿನ ಮೆಟ್ಟಿಲಲ್ಲಿ ಅಕ್ಕ, ಅದರ ಹಿಂದೆ ಮೇಲಿನ ಮೆಟ್ಟಿಲಲ್ಲಿ ಹನುಮವ್ವ. ಈ ಹನುಮವ್ವ ಮಸ್ಕಿಗೆಲ್ಲ ಗೊತ್ತಿರುವ ಹೆಂಗಸು. ಮದುವೆ, ನಿಶ್ಚಯ, ತೊಟ್ಟಿಲು ಏನೇ ಇದ್ದರೂ ಜೋಳದ ರೊಟ್ಟಿ ಅವಳ ಮನೆಯಿಂದಲೇ ಹೋಗಬೇಕು. ಅವಳು ರೊಟ್ಟಿ ಬಡಿಯಲು ಕೂತರೆ ಕೆಳಗಿನ ಓಣಿಗೆ ಕೇಳುತ್ತದೆ. ರೊಟ್ಟಿ ಮಾತ್ರ ಎಷ್ಟು ತೆಳುವೆಂದರೆ ಆ ಕಡೆ ಬೆಳಕು ಕಾಣುತ್ತದೆ.

ಅಕ್ಕನಿಗೆ ಮನೆಯ ಹಿಂದೆ ಹೊಸ ಅಡುಗೆಮನೆ ಬೇಕಿತ್ತು. ಹಿಂದೆ ಇದ್ದದ್ದು ಇಳಿಜಾರು. ನಾನು ಒಂದು ಜೆಸಿಬಿ ತಂದು, ಬೆಲ್ಲದ ಪೆಂಟಿ ಕೊಯ್ದಂತೆ ಇಳಿಜಾರನ್ನು ನೆಟ್ಟಗೆ ಕೊಯ್ದುಬಿಟ್ಟೆ. ಜಾಗ ಆಯಿತು. ಆದರೆ ಮೇಲೆ ಹನುಮವ್ವ ರೊಟ್ಟಿ ಬಡಿದಾಗಲೆಲ್ಲ ಕೊಯ್ದ ಮಣ್ಣಿನಿಂದ ಹರಳು ಉದುರತೊಡಗಿತು. ದಪ್, ದಪ್, ಸುರ್ ಎಂದು ಮಣ್ಣು. ಅವಳು ಹಂಚಿಗೆ ಹಾಕಲು ನಿಲ್ಲಿಸಿದರೆ ಮಣ್ಣೂ ನಿಲ್ಲುತ್ತಿತ್ತು. ಇದು ನನ್ನ ತಿರುಪಿನ ಕೆಲಸವಲ್ಲ ಎಂದು ಲಿಂಗಸುಗೂರಿನಿಂದ ರಾಜಾಸಾಬ ಮೇಸ್ತ್ರಿಯನ್ನು ಕರೆತಂದೆ. ಕಲ್ಲಿನ ಗೋಡೆಯೆಂದರೆ ರಾಜಾಸಾಬ. ಬಾಯಿಯೂ ಕಲ್ಲಿನಷ್ಟೇ ಗಟ್ಟಿ. ಅವರು ತಳ ಅಗಲ, ತಲೆ ಸಣ್ಣ ಮಾಡಿ, ಗುಡ್ಡಕ್ಕೆ ಬೆನ್ನು ಆನಿಸಿ ಕೂತ ಗೌಡನಂತೆ ಗೋಡೆ ಎಬ್ಬಿಸಿದರು. ಬೆನ್ನ ಹಿಂದೆ ಜಲ್ಲಿ ತುಂಬಿಸಿದರು. ಮೊಣಕಾಲು ಮಟ್ಟದಲ್ಲಿ ಒಂದು ಸಾಲು, ಎದೆ ಮಟ್ಟದಲ್ಲಿ ಒಂದು ಸಾಲು ಪೈಪಿನ ತುಂಡು ಇಟ್ಟು ತೂತು ಬಿಟ್ಟರು.

ಅಕ್ಕ ಕೇಳಿದಳು, "ಚಾಚಾ, ಇಷ್ಟು ಚಂದ ಗ್ವಾಡಿ ಕಟ್ಟಿ ಯಾಕ್ರೀ ತೂತು?"

"ಗ್ವಾಡಿ ಮಣ್ಣಿಗೆ ಅಂಜಂಗಿಲ್ಲವಾ, ನೀರಿಗೆ ಅಂಜತೈತಿ. ಬೆನ್ನ ಹಿಂದ ನೀರು ನಿಂತ್ರ ಎಂಥಾ ಗ್ವಾಡೀನೂ ಮಕ್ಕೊಂಡು ಬಿಡತೈತಿ. ಮನುಷ್ಯಾಗ ಉಚ್ಚಿಗೆ ಜಾಗ ಬೇಕಿಲ್ಲೇನು? ಹಂಗ."

ಅಕ್ಕ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಹಿಂದೆಯೇ ಅವರು "ಇವನ್ನ ಎಂದೂ ಮುಚ್ಚಬ್ಯಾಡವಾ" ಎಂದದ್ದು ಅವಳ ಕಿವಿಗೆ ಬೀಳಲಿಲ್ಲ. ಮುಂದಿನ ಅನಾಹುತಕ್ಕೆಲ್ಲ ಆ ಸೆರಗೇ ಕಾರಣ ಎಂದು ನಾನು ಈಗಲೂ ಹೇಳುತ್ತೇನೆ.

ತೂತುಗಳಿಂದ ಮೊದಲು ಬರಿ ತೇವ ಬಂತು. ಆಮೇಲೆ ನೀರು ಬಂತು. ಆಮೇಲೆ ಸಾಬೂನಿನ ನೊರೆ ಬಂತು. ಹನುಮವ್ವನ ಬಚ್ಚಲ ನೀರು ಅವಳ ಹಿತ್ತಲ ನುಗ್ಗೆ ಗಿಡಕ್ಕೆ ಹೋಗುತ್ತದೆ, ಆ ಗಿಡ ಇರುವುದು ನಮ್ಮ ಗೋಡೆಯ ನೆತ್ತಿಯ ಮೇಲೆ. ಗಿಡ ಕುಡಿದು ಮಿಕ್ಕಿದ್ದನ್ನು ಗೋಡೆ ಉಗುಳುತ್ತಿತ್ತು. ಅಕ್ಕ ಗೋಡೆ ಕೆಳಗೆ ನಿಂತು ಕೂಗಿದಳು, "ಏನವಾ, ನಾ ದೇವರ ಮುಂದ ದೀಪ ಹಚ್ಚೋ ಹೊತ್ತಿನಾಗ ನೀ ಮೈ ತೊಳಕೊಂಡ ನೀರು ನನ್ನ ಅಡಗಿಮನಿ ಮುಂದ ಹರೀಬೇಕೇನು?" ಮೇಲಿನಿಂದ ಉತ್ತರ ಬಂತು, "ಗ್ವಾಡಿಗೆ ತೂತು ಹೊಡಿ ಅಂತ ನಾ ಹೇಳಿದ್ನೇನು? ಗುಡ್ಡಾ ಕೊಯ್ಯುವಾಗ ನನ್ನ ಕೇಳಿದ್ರೇನು? ನೀರು ಕೆಳಗ ಹರೀತೈತಿ, ಮ್ಯಾಲೆ ಹತ್ತಂಗಿಲ್ಲ!" ಅಂದಿಗೆ ಇಬ್ಬರ ಮಾತು ನಿಂತಿತು. ಮೇಲಿನಿಂದ ಅಕ್ಕನಿಗೆ ಬರುತ್ತಿದ್ದ ನುಗ್ಗೆಕಾಯಿ ಕೆಳಗಿಳಿಯುವುದೂ ನಿಂತಿತು.

ಅಕ್ಕ ನನಗೆ ಫೋನ್ ಮಾಡಿ, "ಅಮರ್ಯಾ, ಬಂದು ಆ ತೂತು ಮುಚ್ಚು" ಎಂದಳು. ನಾನು, "ಮುಚ್ಚಂಗಿಲ್ಲ" ಎಂದೆ. "ಯಾಕ?" ಎಂದಳು. "ಮುಚ್ಚಂಗಿಲ್ಲಂದ್ರ ಮುಚ್ಚಂಗಿಲ್ಲ" ಎಂದು ಫೋನ್ ಇಟ್ಟೆ. ಅದಕ್ಕಿಂತ ಹೆಚ್ಚು ಹೇಳುವುದು ನನ್ನ ದೃಷ್ಟಿಯಲ್ಲಿ ದಂಡ. ಕೆಲವು ದಿನದ ಮೇಲೆ ಅವಳು ಮೊಬೈಲಿಗೆ ಒಂದು ಫೋಟೋ ಕಳಿಸಿದಳು. ಗೋಡೆಗೆ ಸುಣ್ಣ ಬಳಿದು ಮೇಲೆ ಕೆಂಪು ಬಣ್ಣದಲ್ಲಿ ಹೂ ಬರೆದಿದ್ದಳು. ನನಗೆ ಈ ಹೂವು ಬಳ್ಳಿ ನೋಡಲು ಪುರಸೊತ್ತಿಲ್ಲ. ಒಂದು ಹೆಬ್ಬೆಟ್ಟು ಒತ್ತಿ ಕಳಿಸಿದೆ.

ಮಳೆ ಬಂತು. ಹಿಡಿದ ಮಳೆ ಬಿಡಲಿಲ್ಲ. ಆ ದಿನ ನಾನು ಸಾಲಗುಂದದಲ್ಲಿ ಒಂದು ಮನೆಗೆ ಪೈಲ್ ತೋಡುತ್ತಿದ್ದೆ. ತಿರುಪು ಅರ್ಧ ಇಳಿದಿತ್ತು, ಮಳೆ ಬಿಡುವುದನ್ನೇ ಕಾಯುತ್ತ ಟ್ರ್ಯಾಕ್ಟರ್ ಮೇಲೆ ಕೂತಿದ್ದೆ. ಅಕ್ಕನ ಫೋನ್ ಬಂತು. ಅವಳು ಯಾವಾಗಲೂ ಬೈಗುಳದಿಂದ ಮಾತು ಶುರು ಮಾಡುತ್ತಾಳೆ. ಆ ದಿನ ಬೈಯಲಿಲ್ಲ. ನನಗೆ ಅಲ್ಲಿಯೇ ಹೆದರಿಕೆಯಾಯಿತು.

"ತಮ್ಮಾ, ಗ್ವಾಡಿ ಹೊಟ್ಟಿ ಬಿಟ್ಟೈತೋ."

"ತೂತಿನಾಗ ನೀರು ಬರಾಕತ್ತೈತಿಲ್ಲೋ?"

ಅವಳು ಸಣ್ಣ ದನಿಯಲ್ಲಿ, "ತೂತು ಎಲ್ಲೈತೋ? ನಾ ಅವತ್ತ ಮುಚ್ಚೀನಲ್ಲ. ಹಳೇ ಸೀರಿ ತುರುಕಿ ಸಿಮೆಂಟ್ ಮೆತ್ತೀನಿ. ನೀ ಫೋಟೋ ನೋಡಿ ಹೆಬ್ಬಟ್ಟ ಕಳಿಸಿದೆಲ್ಲ, ಚಲೋ ಆಗೈತಿ ಅಂತ?" ಎಂದಳು.

ತಿರುಪನ್ನು ನೆಲದಲ್ಲೇ ಬಿಟ್ಟು, ಮನೆ ಕಟ್ಟಿಸುವವನ ಮೋಟಾರ್ ಸೈಕಲ್ ಕಸಿದುಕೊಂಡು ಹೊರಟೆ. ಅವನು ಹಿಂದಿನಿಂದ ಏನೋ ಕೂಗಿದ, ಕೇಳಲಿಲ್ಲ. ದಾರಿಯುದ್ದಕ್ಕೂ ಕಣ್ಣ ಮುಂದೆ ಒಂದೇ ಚಿತ್ರ. ಗೋಡೆಯ ಹಿಂದೆ ಜಲ್ಲಿಯ ತುಂಬ ನೀರು, ಅದರ ಹಿಂದೆ ನೆಂದ ಮಣ್ಣು, ಮಣ್ಣಿನ ಮೇಲೆ ಹನುಮವ್ವನ ಅಡುಗೆಮನೆ, ಅಡುಗೆಮನೆಯಲ್ಲಿ ಹನುಮವ್ವ. ಗೋಡೆ ಹೋದರೆ ಅವಳು ಒಲೆ, ಹಂಚು, ಹಿಟ್ಟಿನ ಪರಾತದ ಸಮೇತ ಅಕ್ಕನ ಅಡುಗೆಮನೆಯ ಮೇಲೆ ಇಳಿಯುತ್ತಾಳೆ. ಮೊದಲೇ ಇಬ್ಬರಿಗೂ ಮಾತಿಲ್ಲ. ಮಸ್ಕಿ ಮುಟ್ಟುವಾಗ ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು.

ಗೋಡೆ ನೋಡಿದೆ. ಫೋನಿನಲ್ಲಿ ಕೇಳಿದ್ದು ಕಡಿಮೆ. ನಡುವಿನಲ್ಲಿ ನಿಜವಾಗಿಯೂ ಹೊಟ್ಟೆ ಬಂದಿತ್ತು. ಸುಣ್ಣದಲ್ಲಿ ಅಡ್ಡಡ್ಡ ಬಿರುಕು, ಬಿರುಕಿನಲ್ಲಿ ನೀರು ಬೆವರಿನಂತೆ ಜಿನುಗುತ್ತಿತ್ತು. ಅಕ್ಕ ಹೊಸ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಅವಳ ಗಂಡ ಲಾರಿಯ ಮೇಲೆ ದೂರ ಹೋಗಿದ್ದ. ಅಷ್ಟರಲ್ಲಿ ಮೇಲಿನಿಂದ ಆ ಸದ್ದು ಬಂತು. ದಪ್. ದಪ್. ದಪ್. ಪ್ರತಿ ಏಟಿಗೂ ಬಿರುಕಿನಿಂದ ಒಂದು ಹನಿ ಹಾರಿ ಬೀಳುತ್ತಿತ್ತು. ಹನುಮವ್ವ ರೊಟ್ಟಿ ಬಡಿಯುತ್ತಿದ್ದಳು.

"ಅಕ್ಕಾ, ಹೊರಗ ನಡಿ."

"ಕುಕ್ಕರ್ ತಗೊಂತೀನಿ ತಡಿ."

"ಕುಕ್ಕರ್ ಸಾಯ್ಲಿ!"

"ತವರಿಂದ ಬಂದದ್ದೋ ಅದು!"

ಅವಳನ್ನು ಬಿಟ್ಟು ಓಣಿ ಸುತ್ತಿ ಮೇಲಿನ ಮನೆಗೆ ಓಡಿದೆ. ಹನುಮವ್ವ ಬಾಗಿಲಿಗೆ ಬೆನ್ನು ಮಾಡಿ ಒಲೆಯ ಮುಂದೆ ಕೂತಿದ್ದಳು. ಅವಳ ಒಲೆಗೂ ನಮ್ಮ ಗೋಡೆಯ ತಲೆಗೂ ನಡುವೆ ಒಂದು ನುಗ್ಗೆ ಗಿಡ ಅಷ್ಟೇ. ಮೂಲೆಯಲ್ಲಿ ನೆಲದ ಮೇಲೆ ಕೂದಲೆಳೆಯಂಥ ಗೆರೆ ಬಿದ್ದಿತ್ತು. ಅವಳು ಅದನ್ನು ನೋಡಿರಲಿಲ್ಲ, ಅಥವಾ ನೋಡಿ ಅದರ ಮೇಲೆ ಹಿಟ್ಟಿನ ಚೀಲ ಇಟ್ಟಿದ್ದಳು. ನಾನು ನನಗೆ ಬರುವ ರೀತಿಯಲ್ಲೇ ಹೇಳಿದೆ.

"ದೊಡ್ಡವ್ವಾ, ಗ್ವಾಡಿ ಬೀಳಾಕತ್ತೈತಿ. ಸಾಯ್ತಿ. ಎದ್ದು ಹೊರಗ ಬಾ."

"ನೀ ಸಾಯಿ ಮೊದ್ಲ," ಎಂದಳು, ತಿರುಗಿಯೂ ನೋಡದೆ. "ಪಾಮನಕಲ್ಲೂರಿಂದ ನಿಶ್ಚಯದವ್ರು ರೊಟ್ಟಿಗೆ ಗಾಡಿ ಕಳಸ್ತಾರ. ಹಿಟ್ಟು ಕಲಸೀನಿ. ಕಲಸಿದ ಹಿಟ್ಟು ಕಾಯತೈತೇನು, ಹರದು ಹೋಗತೈತಿ."

"ನೀನ ಹರದು ಹೋಗ್ತಿ ದೊಡ್ಡವ್ವಾ!"

"ಗೊತ್ತೈತೋ ನನಗ. ಅಕ್ಕಾ ತಮ್ಮಾ ಕೂಡಿ ನನ್ನ ಅಡಗಿಮನಿ ಎತ್ತಿಸಾಕ ಮಾಡಿದ ಆಟ ಇದು. ಗುಡ್ಡಾ ಕೊಯ್ದ್ರಿ, ಈಗ ನನ್ನ ಒಲಿ ಮ್ಯಾಲೆ ಕಣ್ಣು. ಹೋಗ್ ಹೋಗ್."

ಮತ್ತೆ ದಪ್ ಎಂದು ಬಡಿದಳು. ಕೆಳಗೆ ಎಲ್ಲೋ ಕಲ್ಲೊಂದು ಕಟ್ ಎಂದಿತು. ಕೈ ಹಿಡಿದು ಎಳೆಯಲು ಹೋದರೆ ಸೌಟು ಎತ್ತಿದಳು. ಮುಖಕ್ಕೆ ಹೊಡೆದಂತೆ ನಿಜ ಹೇಳುವುದೇ ಸರಿ ಎಂದು ಹುಟ್ಟಿದಾಗಿನಿಂದ ನಂಬಿದವನು ನಾನು. ಹೇಳಿ ಆಗಿತ್ತು. ನಿಜ ಅವಳ ಬೆನ್ನಿಗೆ ತಾಗಿ ಕೆಳಗೆ ಬಿತ್ತು. ಬಡಿದ ರೊಟ್ಟಿಯನ್ನು ಅವಳು ಎತ್ತಿ ಹಂಚಿಗೆ ಹಾಕುವಾಗ ಅದರಾಚೆ ಒಲೆಯ ಬೆಂಕಿ ಕಾಣಿಸಿತು. ನನ್ನ ಬಾಯಿಂದ ಏನು ಬಂತು ಎಂಬುದು ಬಂದ ಮೇಲೆಯೇ ನನಗೆ ಗೊತ್ತಾಗಿದ್ದು.

"ಮಾಡು, ಮಾಡು. ಅಕ್ಕ ಹೇಳಿದ್ದು ಖರೇನ ಐತಿ."

"ಏನಂದ್ಲು?"

"ಏನಿಲ್ಲ ಬಿಡು."

"ಏನಂದ್ಲು ಬೊಗಳು!"

"ಈಗೀಗ ಹನುಮವ್ವನ ರೊಟ್ಟಿ ಹಪ್ಪಳದಂಗಿಲ್ಲ, ಹೊದಿಕಿದ್ದಂಗ ಆಗ್ಯಾವ ಅಂದ್ಲು. ದಪ್ಪ."

ಸೌಟು ಕೆಳಗೆ ಬಿತ್ತು. ಹನುಮವ್ವ ಎದ್ದ ವೇಗಕ್ಕೆ ಹಿಟ್ಟಿನ ಪರಾತ ಒಂದು ಸುತ್ತು ತಿರುಗಿತು. ಕೈಯಲ್ಲಿ ಸುಟ್ಟ ರೊಟ್ಟಿಯೊಂದನ್ನು ಸಾಕ್ಷಿಗೆ ಹಿಡಿದು, ಮಳೆಯಲ್ಲಿ ತಲೆಗೆ ಸೆರಗೂ ಹೊದೆಯದೆ ಓಣಿ ಇಳಿದಳು. ಅಕ್ಕನ ಮುಂಬಾಗಿಲಿಗೆ ನಿಂತು, "ಏ ಶರಣೀ! ಹೊರಗ ಬಾ! ಯಾವ ರೊಟ್ಟಿ ದಪ್ಪ? ಬಂದು ನೋಡು!" ಎಂದು ಕೂಗಿದಳು. ಕುಕ್ಕರ್ ಬಿಟ್ಟು ಬರದ ಅಕ್ಕ ಈ ಕೂಗಿಗೆ ಬರಿಗೈಯಲ್ಲಿ ಓಡಿ ಬಂದಳು. ಜಗಳಕ್ಕೆ ಕರೆದರೆ ನಮ್ಮ ಅಕ್ಕ ತಡ ಮಾಡುವವಳಲ್ಲ. ಇಬ್ಬರೂ ಗೋಡೆಯಿಂದ ದೂರ, ಮುಂದಿನ ರಸ್ತೆಯಲ್ಲಿ ಮಳೆಯಲ್ಲಿ ನಿಂತರು. ಅಷ್ಟು ಒಳ್ಳೆಯ ಜಗಳವನ್ನು ನಾನು ಎಂದೂ ಕೇಳಿರಲಿಲ್ಲ.

ನಾನು ಹಿತ್ತಲಿಗೆ ಓಡಿ, ಅಡುಗೆಮನೆ ಕಟ್ಟಲು ತಂದು ಉಳಿದಿದ್ದ ಉದ್ದನೆಯ ಬಲ್ಲಿ ಕಟ್ಟಿಗೆಗಳನ್ನು ಗೋಡೆಯ ಹೊಟ್ಟೆಗೆ ಆನಿಸಿ ಬುಡಕ್ಕೆ ಕಲ್ಲು ಒತ್ತಿದೆ. ಹಾರೆ ಹಿಡಿದು ನಿಂತೆ. ತೂತು ಎಲ್ಲಿ? ಎಲ್ಲೆಲ್ಲೂ ಸುಣ್ಣ. ತಪ್ಪಿ ಕಲ್ಲಿಗೆ ಏಟು ಹಾಕಿದರೆ ಗೋಡೆಯನ್ನು ನಾನೇ ಮಲಗಿಸಿದಂತೆ. ರಾಜಾಸಾಬರಿಗೆ ಫೋನ್ ಹಚ್ಚಿದೆ.

"ಚಾಚಾ, ಶರಣಕ್ಕನ ಗ್ವಾಡಿ ತೂತು ಎಲ್ಲೆಲ್ಲಿ ಬಿಟ್ಟೀರಿ?"

"ಮೊಣಕಾಲಿಗೊಂದು ಸಾಲು, ಎದಿಗೊಂದು ಸಾಲು. ಯಾಕ, ಕಣ್ಣು ಹೋಗ್ಯಾವೇನು?"

"ಮುಚ್ಚ್ಯಾರ. ಹೊಟ್ಟಿ ಬಂದೈತಿ."

"ಯಾ ಅಲ್ಲಾ! ಮುಂದ ನಿಂದರಬ್ಯಾಡೋ! ಬಾಜೂಕ ನಿಂತು ಕೆಳಗಿನ ಸಾಲು ಮೊದ್ಲ ತೆಗಿ. ಬಿಟ್ಟ ಮ್ಯಾಲೆ ಓಡು!"

ಮೊಣಕಾಲು ಮಟ್ಟ ನೋಡಿದೆ. ಅಲ್ಲಿ ಒಂದು ಕೆಂಪು ಹೂ. ಸ್ವಲ್ಪ ಆಚೆ ಇನ್ನೊಂದು ಹೂ. ಎದೆ ಮಟ್ಟದಲ್ಲಿ ಮತ್ತೆ ಹೂಗಳ ಸಾಲು. ಸಿಮೆಂಟಿನ ತೇಪೆ ಕಾಣಬಾರದೆಂದು ಅಕ್ಕ ತೂತು ಇದ್ದಲ್ಲೆಲ್ಲ ಒಂದೊಂದು ಹೂ ಬರೆದಿದ್ದಳು. ಆ ಫೋಟೋ ನನ್ನ ಫೋನಿನಲ್ಲೇ ಇತ್ತು. ಒಂದು ಉಸಿರು ನಿಂತು ನೋಡಿದ್ದರೆ ಬೇಸಿಗೆಯಲ್ಲೇ ಗೊತ್ತಾಗುತ್ತಿತ್ತು.

ಪಕ್ಕಕ್ಕೆ ನಿಂತು ಮೊದಲ ಹೂವಿಗೆ ಹಾರೆ ಹಾಕಿದೆ. ತೇಪೆ ಬಿಡಲಿಲ್ಲ. ರಸ್ತೆಯಿಂದ ಅಕ್ಕನ ದನಿ, "ನಿನ್ನ ರೊಟ್ಟಿ ಬಗ್ಗೆ ನಾ ಮಾತೇ ಆಡಿಲ್ಲ!" ಮತ್ತೆ ಏಟು. ಹನುಮವ್ವನ ದನಿ, "ಹಂಗಾದ್ರ ನಿನ್ನ ತಮ್ಮಗ ಕನಸು ಬಿತ್ತೇನು?" ಬಲ್ಲಿ ಕಟ್ಟಿಗೆಯೊಂದು ಕಿರ್ ಎಂದಿತು. ಜಗಳ ಮುಗಿಯುವ ದಾರಿ ಹಿಡಿದಿದೆ ಎಂದು ಗೊತ್ತಾಯಿತು. ಮುಗಿದರೆ ಒಬ್ಬಳು ಹಿಟ್ಟಿಗೆ ಓಡುತ್ತಾಳೆ, ಇನ್ನೊಬ್ಬಳು ಕುಕ್ಕರಿಗೆ. ಗಂಟಲು ಹರಿಯುವಂತೆ ಕೂಗಿದೆ, "ದೊಡ್ಡವ್ವಾ, ನುಗ್ಗಿಕಾಯೂ ನಾರು ಅಂದಾಳ!" ಜಗಳಕ್ಕೆ ಮತ್ತೆ ಜೀವ ಬಂತು. ನಾನು ಹಾರೆ ಎತ್ತಿ ಜೀವ ಬಿಟ್ಟು ಕುಕ್ಕಿದೆ.

ಹೂ ಒಡೆಯಿತು. ಮೊದಲು ಅಕ್ಕನ ಹಸಿರು ಸೀರೆಯ ಚೂರು ಹಾರಿ ಬಂತು, ಅದರ ಹಿಂದೆಯೇ ಕೆಂಪು ನೀರು ದಂಡೆ ಒಡೆದ ಕಾಲುವೆಯಂತೆ ನುಗ್ಗಿತು. ಎರಡನೆಯ ಹೂ. ಮೂರನೆಯದು. ಮೇಲಿನ ಸಾಲು. ಒಂದೊಂದು ತೂತು ತೆರೆದಂತೆ ಬಿರುಕಿನ ಬೆವರು ಕಡಿಮೆಯಾಯಿತು. ಕೊನೆಯ ತೂತು ತೆಗೆಯುವಾಗ ಓಡಬೇಕೆಂಬ ಮಾತು ಮರೆತು ಅಲ್ಲೇ ನಿಂತೆ, ಹಾಗಾಗಿ ಮುಖದ ತುಂಬ ಕೆಸರು. ಬಾಯಿಗೆ ಸೀಗೆಕಾಯಿಯ ರುಚಿ ಬಂತು. ಹನುಮವ್ವ ತಲೆಗೆ ಎರೆದುಕೊಂಡಿದ್ದಳು.

ಕಣ್ಣು ಒರೆಸಿಕೊಂಡು ನೋಡಿದರೆ ಇಬ್ಬರೂ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಜಗಳ ನಿಂತಿತ್ತು. ಗೋಡೆ ನೋಡಿದರು, ನೀರು ನೋಡಿದರು. ಹನುಮವ್ವ ತಲೆ ಎತ್ತಿ ತನ್ನ ಅಡುಗೆಮನೆ ಎಲ್ಲಿ ಕೂತಿದೆ ಎಂದು ಕೆಳಗಿನಿಂದ ಮೊದಲ ಸಲ ನೋಡಿದಳು. ಅವಳ ಕೈಯ ರೊಟ್ಟಿ ಮಳೆಗೆ ನೆಂದು ಜೋತು ಬಿದ್ದಿತ್ತು. "ಶರಣೀ, ನನ್ನ ಒಲಿ ನಿನ್ನ ತಲಿ ಮ್ಯಾಲೆ ಐತೆಲ್ಲೇ," ಎಂದಳು. ಅಕ್ಕ, "ಹೂಂ ದೊಡ್ಡವ್ವಾ," ಎಂದಳು. ಆಮೇಲೆ ಇಬ್ಬರೂ ಕೂಡಿಯೇ ನನ್ನ ಕಡೆ ತಿರುಗಿದರು.

"ರೊಟ್ಟಿ ದಪ್ಪ ಅಂತ ನಾ ಯಾವಾಗ ಅಂದ್ನೋ ಭಾಡ್ಯಾ?"

"ನುಗ್ಗಿಕಾಯಿ ನಾರು ಅಂತ ಯಾರು ಅಂದ್ರೋ?"

ಆ ಸಂಜೆ ಇಬ್ಬರೂ ಅಕ್ಕನ ಮುಂದಿನ ಪಡಸಾಲೆಯಲ್ಲಿ ಒಲೆ ಹೂಡಿ ಉಳಿದ ಹಿಟ್ಟು ಬಡಿದು ಮುಗಿಸಿದರು, ಪಾಮನಕಲ್ಲೂರಿನ ಗಾಡಿ ಬರಿಗೈಯಲ್ಲಿ ಹೋಗಲಿಲ್ಲ. ಬಡಿಯುತ್ತ ನನ್ನನ್ನು ಬೈದರು. ಮಳೆ ಬಿಟ್ಟ ಮೇಲೆ ರಾಜಾಸಾಬ ಬಂದು ಹೊಟ್ಟೆ ಬಂದಷ್ಟು ಗೋಡೆ ಬಿಚ್ಚಿ ಮತ್ತೆ ಕಟ್ಟಿದರು. ಬಚ್ಚಲ ನೀರನ್ನು ನಾನು ಪೈಪ್ ಹಾಕಿ ಓಣಿಯ ಗಟಾರಕ್ಕೆ ಬಿಟ್ಟೆ. ಗಿಡಕ್ಕೆ ಬಿಂದಿಗೆಯಿಂದ ನೀರು ಹಾಕುವುದೆಂದಾಯಿತು, ನುಗ್ಗೆಕಾಯಿ ಮತ್ತೆ ಕೆಳಗಿಳಿಯಿತು. ಒಲೆ ಮನೆಯ ಮುಂಭಾಗಕ್ಕೆ ಬಂತು. ನಾನು ಮಸ್ಕಿಗೆ ಹೋದಾಗಲೆಲ್ಲ ಹನುಮವ್ವ ಒಂದು ರೊಟ್ಟಿಯನ್ನು ಬೇಕೆಂದೇ ಹಾಸುಗಲ್ಲಿನಷ್ಟು ದಪ್ಪ ಬಡಿದು, "ತಿನ್ನಪಾ, ಹೊದಿಕಿ," ಎನ್ನುತ್ತಾಳೆ. ತಿನ್ನುತ್ತೇನೆ. ತಿನ್ನುವುದು ಮುಗಿಯುವವರೆಗೂ ಇಬ್ಬರೂ ಎದುರು ಕೂತು ನೋಡುತ್ತಾರೆ.

ಈಗ ಮತ್ತೆ ಮಳೆಗಾಲ. ಮೊನ್ನೆ ಇಬ್ಬರೂ ಸಿಂಧನೂರಿಗೆ ಬಂದಿದ್ದರು. ನಾನು ಬಚ್ಚಲಲ್ಲಿದ್ದೆ, ಒಂಟಿ ಕಾಲಲ್ಲಿ, ಕೆಮ್ಮುತ್ತ. ಹೊರಗಿನಿಂದ ಅಕ್ಕ ಕೇಳಿದಳು, "ಅಮರ್ಯಾ, ಊರಮಂದಿ ಮನಿಗೆಲ್ಲ ಪೈಲ್ ಹಾಕ್ತಿ. ಈ ಬಾಗಲಾ ಯಾಕೋ ಮುಚ್ಚಂಗಿಲ್ಲ?" ಅಭ್ಯಾಸದಂತೆ "ಮುಚ್ಚಂಗಿಲ್ಲ" ಎಂದು ಬಿಡುತ್ತಿದ್ದೆ. ಆದರೆ ಆ ಗೋಡೆ ನೆನಪಾಯಿತು. ಈ ಸಲವಾದರೂ ಬಿಡಿಸಿ ಹೇಳೋಣ ಎಂದುಕೊಂಡೆ. ಎರೆ ಮಣ್ಣು ಹೇಗೆ ನೀರು ಕುಡಿಯುತ್ತದೆ, ಹೇಗೆ ಚೌಕಟ್ಟನ್ನು ಎತ್ತುತ್ತದೆ, ಅಪ್ಪ ಪೈಲ್ ಇಲ್ಲದೆ ಯಾಕೆ ಕಟ್ಟಿದ, ಪೈಲಿನ ತಳಕ್ಕೆ ಹೊಟ್ಟೆ ಯಾಕೆ ಬೇಕು, ಎಲ್ಲವನ್ನೂ ಕೈ ತಿರುಗಿಸಿ, ಸಾಬೂನು ಹಿಡಿದು ತೋರಿಸಿ, ಒಂದನ್ನೂ ಬಿಡದೆ ಹೇಳಿದೆ. ಜೀವಮಾನದಲ್ಲಿ ನಾನು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಮುಗಿಸಿ ಕಣ್ಣಿನ ಸಾಬೂನು ತೊಳೆದುಕೊಂಡಾಗ ಎದುರಿಗೆ ಅಕ್ಕನೂ ಹನುಮವ್ವನೂ ಗೋಡೆಯ ಕಡೆ ಮುಖ ತಿರುಗಿಸಿ ನಿಂತಿರುವುದು ಕಂಡಿತು. ಮಾತಿನ ಭರದಲ್ಲಿ ಬಾಗಿಲಿಗೆ ಒತ್ತಿದ್ದ ಕಾಲು ತೆಗೆದುಬಿಟ್ಟಿದ್ದೆ.